ನನ್ನ ನಾದಿನಿ ಕುದುರಿಸಿದ ಕಾಳಗಗಳು

ನಮ್ಮ ಚರ್ಚಿನ ಪ್ಯಾರಿಷ್‌ನಲ್ಲಿ ಅರ್ಧ ಜನಕ್ಕೆ ಮದುವೆಯಾಗಿರುವುದು ನನ್ನ ನಾದಿನಿಯ ದೆಸೆಯಿಂದ. ಉಳಿದವರು ಒಂಟಿಯಾಗಿ ಸುಖವಾಗಿರುವುದು ಅವಳ ಕಣ್ಣಿಗೆ ಬೀಳದೆ ತಪ್ಪಿಸಿಕೊಂಡದ್ದರಿಂದ! ಅಂಥ ಮಹಾತಾಯಿ ಈ ವಯಸ್ಸಿನಲ್ಲಿ ಕುದುರಿಸುತ್ತಿರುವುದೇನು ಗೊತ್ತೆ? ಹೊಡೆದಾಟ! ಪಂಜರದೊಳಗೆ ಒದ್ದು, ಗುದ್ದಿ, ಕೆಡವಿ, ಕತ್ತು ಹಿಸುಕುವ ಎಂ.ಎಂ.ಎ. ಎಂಬ ಆಟ. ಫೈಟರ್ ನನ್ನ ಮೊಮ್ಮಗಳು, ಮ್ಯಾನೇಜರ್ ಈಕೆ. ಕಾನ್ವೆಂಟಿನಲ್ಲಿ ತಲೆಯ ಮೇಲೆ ಪುಸ್ತಕವಿಟ್ಟು ಲೇಡಿಯಂತೆ ನಡೆಯಲು ಕಲಿತ ನನ್ನ ಮನೆಯಲ್ಲಿ ಇದೆಂಥ ವಿದ್ಯೆ ಎಂದು ನಾನು ನಿಟ್ಟುಸಿರಿಟ್ಟರೆ, "ಅತ್ತಿಗೆ, ಬ್ಯಾಲೆನ್ಸ್‌ಗೆ ಅದೇ ಬೇಸಿಕ್ ಕಣ್ರೀ!" ಎನ್ನುತ್ತಾಳೆ.

ಕಸುಬು ಬದಲಾದರೂ ಪದ್ಧತಿ ಬದಲಾಗಲಿಲ್ಲ. ಫೈಟ್ ಏರ್ಪಡಿಸುವ ಪ್ರೊಮೋಟರ್ ಮೊದಲ ಸಲ ನಮ್ಮ ಯಾದವಗಿರಿಯ ಮನೆಗೆ ಬಂದಾಗ, ಗಂಡಿನ ಕಡೆಯವರಿಗೆ ಕೊಡುವಂತೆ ಕೇಸರಿಭಾತು, ಬೋಂಡ ಕೊಟ್ಟು, ಎದುರಾಳಿಯ ಬಗ್ಗೆ ವಿಚಾರಣೆ ಶುರು ಮಾಡಿದಳು.

"ಹುಡುಗಿ ಎತ್ತರ ಎಷ್ಟು? ತೂಕ? ಯಾವ ಊರು?"

ಪಾಪ, ಆತ ಫೋಟೊ ತೋರಿಸಿದ.

"ಫೋಟೊದಲ್ಲಿ ಎಲ್ರೂ ಚೆನ್ನಾಗೇ ಇರ್ತಾರೆ ಕಣಪ್ಪ. ನಡೆಯೋದು ತೋರ್ಸಿ."

ಮೂರು ವರ್ಷ ತನ್ನ ಶೋ ಬಿಟ್ಟು ಬೇರೆಲ್ಲೂ ಆಡಕೂಡದೆಂಬ ಕರಾರನ್ನು ಆತ ಮುಂದಿಟ್ಟಾಗಲಂತೂ ಅವಳು ಬೋಂಡದ ತಟ್ಟೆಯನ್ನೇ ಹಿಂದಕ್ಕೆಳೆದುಕೊಂಡಳು! "ನಿಶ್ಚಿತಾರ್ಥಕ್ಕೆ ಮುಂಚೆನೇ ತಾಳಿ ತಂದ್ಬುಟ್ರಾ? ಮೊದ್ಲು ಒಂದು ಫೈಟ್ ಮಾಡ್ಸಿ. ನಮ್ಗೂ ನಿಮ್ಗೂ ಹೊಂದುತ್ತಾ ನೋಡೋಣ."

ಆತ ಒಪ್ಪಿದ! ಇವಳು ಸುಮ್ಮನಿದ್ದಳೆ? ತೂಕ ನೋಡುವ ಹಿಂದಿನ ದಿನ, ತೂಕ ಇಳಿಸಲು ಹೊಟ್ಟೆ ಕಟ್ಟಿ ಕೂತಿದ್ದ ಎದುರಾಳಿಯ ಕೋಣೆಗೇ ಡಬ್ಬಿ ತುಂಬ ಕ್ರಿಸ್‌ಮಸ್ ಸಿಹಿ ಕಲ್‌ಕಲ್ ಹೊತ್ತುಕೊಂಡು ಹೋದಳು. ಆ ಮಗು ಸಿಹಿ ನೋಡಿ ಅತ್ತೇಬಿಟ್ಟಿತಂತೆ! ಪ್ರೊಮೋಟರ್ ಗಾಬರಿಯಲ್ಲಿ ಫೋನ್ ಮಾಡಿದ: "ಮೇಡಂ, ಇದು ಫೌಲ್ ಪ್ಲೇ ಅಂತಾರೆ!"

"ಎರಡು ಕಡೆಯವ್ರೂ ಬಾಯಿ ಸಿಹಿ ಮಾಡ್ಕೊಳ್ದೆ ಶುಭಕಾರ್ಯ ಹೆಂಗ್ರೀ ಆಗುತ್ತೆ?"

ಮೊಮ್ಮಗಳು ಗೆದ್ದಳು. ಅಂದಿನಿಂದ ನಮ್ಮ ಮನೆಯಲ್ಲಿ ಒಂದೇ ಜಪ: ಆತನ ದೊಡ್ಡ ಶೋ, ಟಿ.ವಿ.ಯಲ್ಲಿ ಬರುವಂಥದ್ದು. ಕೊನೆಗೂ ಫೋನ್ ಬಂತು! ಯಾರೋ ಹಿಂದೆ ಸರಿದಿದ್ದಾರೆ, ಮುಂದಿನ ವಾರವೇ ಶೋ, ನಿಮ್ಮ ಹುಡುಗಿಯನ್ನು ಕಳಿಸಿ ಎಂದ.

ಆದರೆ ಹೆಬ್ಬಾಳದ ಜಿಮ್ಮಿನಲ್ಲಿ ಅಭ್ಯಾಸದ ವೇಳೆ ಆಗಷ್ಟೇ ಮೊಮ್ಮಗಳ ತಲೆಗೆ ಪೆಟ್ಟು ಬಿದ್ದಿತ್ತು. ಒಂದು ತಿಂಗಳು ಕಟ್ಟುನಿಟ್ಟಾಗಿ ರೆಸ್ಟ್ ಎಂದಿದ್ದರು ಡಾಕ್ಟರು.

"ನನ್ಗೆ ಏನೂ ಆಗಿಲ್ಲ ಚಿಕ್ಕಜ್ಜಿ, ಹೂಂ ಅಂದ್ಬುಡಿ, ಪ್ಲೀಸ್!"

"ಈಗ ಬೇಡ ಅಂದ್ರೆ ಮತ್ತೆ ಕರೆಯಲ್ಲ ಮೇಡಂ," ಫೋನಿನಲ್ಲಿ ಪ್ರೊಮೋಟರ್.

ವರ್ಷವಿಡೀ ಆ ಕರೆಗಾಗಿ ಕಾದಿದ್ದ ನನ್ನ ನಾದಿನಿ ಉಸಿರೆಳೆದುಕೊಂಡಳು. "ಈ ಮುಹೂರ್ತಕ್ಕೆ ನಮ್ಮ ಹುಡುಗೀನ ಕೊಡಲ್ಲ."

ಮೊಮ್ಮಗಳು ಅವಳೊಂದಿಗೆ ಮಾತು ಬಿಟ್ಟಳು. ಶೋ ದಿನ ಸಂಜೆ ಟಿ.ವಿ. ಮುಂದೆ ತುಟಿ ಕಚ್ಚಿ ಕೂತಿದ್ದಳು. ಅವಳಿರಬೇಕಾದ ಜಾಗದಲ್ಲಿ ಯಾರೋ ಹೊಸ ಹುಡುಗಿ ನಿಂತಿದ್ದಳು. ನಾದಿನಿ ಎಲ್ಲಿ ಎಂದು ತಿರುಗಿದರೆ, ಮೂಲೆಯ ಆಲ್ಟರ್ ಮುಂದೆ ಮಂಡಿಯೂರಿ ಕ್ಯಾಂಡಲ್ ಹಚ್ಚುತ್ತಿದ್ದಾಳೆ!

"ನಮ್ಮವಳು ಇಲ್ಲೇ ಇದ್ದಾಳಲ್ಲೇ. ಯಾರಿಗೆ ಕ್ಯಾಂಡಲ್ಲು?"

"ಆ ಮಗೂಗೆ, ಅತ್ತಿಗೆ," ಎಂದಳು, ತಿರುಗದೆಯೇ. "ಒಂದೇ ವಾರದಲ್ಲಿ ಕರ್ಕೊಂಬಂದು ನಿಲ್ಲಿಸವ್ರೆ. ಬೇಡ ಅನ್ನೋರು ಅದರ ಮನೇಲಿ ಯಾರೂ ಇರ್ಲಿಲ್ವೇನೋ."

ಟಿ.ವಿ. ಸದ್ದು ನಿಂತಿತು. ಮೊಮ್ಮಗಳು ಎದ್ದು ಬಂದು ಪಕ್ಕದಲ್ಲೇ ಮಂಡಿಯೂರಿ, ಪೆಟ್ಟು ಬಿದ್ದಿದ್ದ ಆ ತಲೆಯನ್ನು ಚಿಕ್ಕಜ್ಜಿಯ ಹೆಗಲಿಗೆ ಒರಗಿಸಿದಳು.