ಕ್ರಿಯಾಪದ ಮತ್ತು ಜೀರಿಗೆ ಡಬ್ಬಿ

ವಿಜಯಪುರದ ಅಡುಗೆಮನೆಯಲ್ಲಿ ಕುಳಿತು ಜಪಾನಿನ ಮಕ್ಕಳಿಗೆ ಆನ್‌ಲೈನಿನಲ್ಲಿ ಇಂಗ್ಲಿಷ್ ಕಲಿಸುವವನಿಗೆ ಇಂಥವು ಆಗದಿದ್ದರೇ ಆಶ್ಚರ್ಯ. ಅದೇ ಎಂಟು ಮಕ್ಕಳಿಗೆ ಒಂದು ದಿನ ನಾನು, ಮರುದಿನ ತಿಕೋಟಾದ ಮೇಡಂ. ತಿಂಗಳ ಕೊನೆಗೆ ಮಕ್ಕಳು ಒಬ್ಬರನ್ನು ಆರಿಸಬೇಕು, ಇನ್ನೊಬ್ಬರಿಗೆ ಕೆಲಸವಿಲ್ಲ. ಮೇಡಂ ಮೇಲೆ ನನಗೆ ಹೊಟ್ಟೆಕಿಚ್ಚು. ಮುಚ್ಚಿಡುವುದೇನಿದೆ?

೧. ಎಲ್ಲ ತಿಳಿಯಿತು

ಜಪಾನಿ ಭಾಷೆಯಲ್ಲೂ ನಮ್ಮಂತೆ 'ಬೆಕ್ಕು ಮೀನು ತಿನ್ನುತ್ತದೆ', ಕ್ರಿಯಾಪದ ಕೊನೆಗೆ. ಇಂಗ್ಲಿಷಿನಲ್ಲಿ ಅದು ನಡುವೆ ಬರುತ್ತದೆಂದು ಅರ್ಧ ಗಂಟೆ ವಿವರಿಸಿದೆ. "ತಿಳಿಯಿತಾ?" ಎಂದೆ. "ಹಾಯ್!" ಎಂದರು. ಅವರಲ್ಲಿ ಹಾಗೆಂದರೆ ಹೌದು. ಮೇಡಂಗೆ ಫೋನ್ ಮಾಡಿ ಜಂಬ ಕೊಚ್ಚಿದೆ.

"ನಾ ಕತ್ತಿ ಅದೀನೇನು ಅಂತ ಒಮ್ಮೆ ಕೇಳಿ ನೋಡ್ರಿ ಸರ್," ಎಂದರು.

ಮುಂದಿನ ಕ್ಲಾಸಿನಲ್ಲಿ, ನಾನು ಕತ್ತೆಯೇ ಎಂದು ಕೇಳಿದೆ. ಎಂಟೂ ಮಕ್ಕಳು ತಲೆ ಬಗ್ಗಿಸಿ, "ಹಾಯ್!"

೨. ಕದ್ದು ನೋಡಿದ್ದು

ಮೇಡಂ ಕ್ಲಾಸಿನ ರೆಕಾರ್ಡಿಂಗ್ ಕದ್ದು ನೋಡಿದೆ. ಮೂರು ಡಬ್ಬಿಗಳಿಗೆ 'ಕ್ಯಾಟ್ಸ್', 'ಈಟ್', 'ಫಿಶ್' ಎಂದು ಚೀಟಿ ಅಂಟಿಸಿ ಆಡಿಸುತ್ತಿದ್ದರು. ಮಕ್ಕಳಿಗೆ ನಕ್ಕು ನಕ್ಕು ಸಾಕಾಗಿತ್ತು. ನನ್ನ ಕ್ಲಾಸಿನಲ್ಲಿ ಅವರು ಆಕಳಿಸುವುದಕ್ಕೂ ಅನುಮತಿ ಕೇಳುತ್ತಿದ್ದರು. ತಡೆಯಲಾಗದೆ ಫೋನ್ ಮಾಡಿದೆ.

"ಮೇಡಂ, ನಿಮ್ಮ ಡಬ್ಬಿ ಪಾಠ ಅಷ್ಟೇನೂ ಛಲೋ ಇಲ್ರಿ."

"ಹೌದ್ರಿ? ಮತ್ತ ನಾಕು ಸಲ ಯಾಕ ನೋಡೀರಿ?"

ಯಾರು ಎಷ್ಟು ಸಲ ನೋಡಿದರೆಂದು ಅದರಲ್ಲಿ ಕಾಣುತ್ತದೆಂದು ನನಗೇನು ಗೊತ್ತು!

೩. ಒಗ್ಗರಣೆ

ನಾನೂ ಅಡುಗೆಮನೆಯ ಮೂರು ಡಬ್ಬಿಗಳಿಗೆ ಅವೇ ಚೀಟಿ ಅಂಟಿಸಿ ಸಾಲಾಗಿಟ್ಟೆ. ನನ್ನ ಜೊತೆ ಇರಲೆಂದು ಬಬಲೇಶ್ವರದಿಂದ ಬಂದಿದ್ದ ಅವ್ವ ಹಿಂದೆ ಒಲೆಯ ಮುಂದೆ ನಿಂತಿದ್ದಳು. ಪಾಠದ ನಡುವೆ ಕೈ ಚಾಚಿ ನಡುವಿನ ಡಬ್ಬಿ ಎತ್ತಿಕೊಂಡಳು.

"ಯವ್ವಾ, ಅದು ಕ್ರಿಯಾಪದ ಬೇ!"

"ಜೀರಿಗಿ ಐತೋ ಅದರಾಗ. ಎಣ್ಣಿ ಹೊತ್ತಾಕತ್ತೈತಿ!"

ಮಕ್ಕಳು ಕುರ್ಚಿ ಬಿಟ್ಟು ಎದ್ದರು. "ಸರ್, ಈಟ್ ಹೋಯಿತು! ಬೆಕ್ಕಿಗೆ ಊಟ ಇಲ್ಲ!"

ನನ್ನ ಪಾಠ ಮಾಡದ್ದನ್ನು ಒಂದು ಒಗ್ಗರಣೆ ಮಾಡಿತ್ತು. ಅಂದಿನಿಂದ ಯಾವ ವಾಕ್ಯದಲ್ಲಿ ಕ್ರಿಯಾಪದ ಕಾಣದಿದ್ದರೂ ಮಕ್ಕಳು ಒಟ್ಟಿಗೆ ಕೂಗುತ್ತಿದ್ದರು: "ಅವ್ವ!"

೪. ಆಯ್ಕೆ

ತಿಂಗಳ ಕೊನೆ. ಯಾರು ಬೇಕೆಂದು ಮಕ್ಕಳು ಇಂಗ್ಲಿಷಿನಲ್ಲಿ ಒಂದು ಪೂರ್ತಿ ವಾಕ್ಯ ಬರೆಯಬೇಕು. ಮೇಡಂ ಪರದೆಯ ಮೂಲೆಯಲ್ಲಿ ನಗುತ್ತಿದ್ದರು. ಉತ್ತರಗಳು ಬಂದವು. ಎಲ್ಲರದ್ದೂ ಒಂದೇ, ಒಂದು ಪದವೂ ಸ್ಥಾನ ತಪ್ಪಿರಲಿಲ್ಲ: "ಐ ವಾಂಟ್ ಅವ್ವ."

ಮೇಡಂ ನಗು ಮಾಯವಾಯಿತು. "ಸರ್, ಅವ್ವಾರನ್ನ ಒಂದ್ ವಾರ ತಿಕೋಟಾಕ್ಕ ಕಳಸ್ರಲಾ?"

ಕಳಿಸಲಿಲ್ಲ. ಅವ್ವ ಇರುವುದು ನಮ್ಮ ಮನೆಯಲ್ಲಿ, ಹಾಗಾಗಿ ಕೆಲಸ ನನಗೇ ಉಳಿಯಿತು. ಗೆದ್ದೆನೆಂದು ಮರುದಿನ ಇಸ್ತ್ರಿ ಮಾಡಿದ ಅಂಗಿ ಹಾಕಿ ಕ್ಯಾಮೆರಾ ಮುಂದೆ ನಿಂತೆ. ಮಕ್ಕಳು ತಪ್ಪಿಲ್ಲದ ಇಂಗ್ಲಿಷಿನಲ್ಲಿ ಹೇಳಿದರು: "ಸರ್, ಸ್ವಲ್ಪ ಪಕ್ಕಕ್ಕೆ ಸರಿಯಿರಿ, ಅವ್ವ ಕಾಣಿಸುತ್ತಿಲ್ಲ!"