ಕನ್ನಡಕದಂಗಡಿಯವರ ಚಪ್ಪಟೆ ಮೀನು

ಗರಗರಗರ... ಕಿರ್ರ್! ಕನ್ನಡಕದಂಗಡಿಯ ಷಟರ್ ಮೇಲೇರಿತೆಂದರೆ ಬೀದಿಗೆ ಬೆಳಗಾಯಿತೆಂದೇ ಲೆಕ್ಕ. ಅಂಗಡಿ ಕೆಳಗೆ, ಮನೆ ಮೇಲೆ. ಊರಿಗೆಲ್ಲ ಕನ್ನಡಕ ತೊಡಿಸಿದ ಅಂಗಡಿಯವರು ಮಾತ್ರ ಬರಿಗಣ್ಣಿನ ಮಹಾರಾಜರು. "ಐವತ್ತು ದಾಟಿದ್ರೂ ಈ ಕಣ್ಣಿಗೆ ಗಾಜಿನ ಹಂಗಿಲ್ಲ!" ಎಂದು ಗಿರಾಕಿಗಳ ಮುಂದೆ ರೆಪ್ಪೆ ಬಡಿದು ತೋರಿಸುತ್ತಿದ್ದರು. ಹೆಂಡತಿ ದಿನವಿಡೀ ಕಿಟಕಿಯ ಬಳಿ ಕೂತು ಬಟ್ಟೆ ಹೊಲಿಯುವವಳು. ಅವಳಿಗೊಂದು ಕನ್ನಡಕ ತೊಡಿಸಿಯೇ ತೀರಬೇಕೆಂದು ಅವರ ಹಟ. ಅವಳೋ, "ಮೊದಲು ನೀವು ಸೂಜಿಗೆ ದಾರ ಪೋಣಿಸಿ, ಆಮೇಲೆ ಮಾತಾಡಿ" ಎನ್ನುತ್ತಿದ್ದಳು. ಆಗೆಲ್ಲ ಅವರಿಗೆ ಅಂಗಡಿಯಲ್ಲಿ ಏನೋ ಕೆಲಸ ನೆನಪಾಗಿಬಿಡುತ್ತಿತ್ತು.

ಹೊಲಿಗೆ ಯಂತ್ರದ ಪಕ್ಕದಲ್ಲೇ ಅವಳ ಗಾಜಿನ ತೊಟ್ಟಿ. ಅದರಲ್ಲಿ ಬೆರಳುದ್ದದ ಕಿತ್ತಳೆ ಬಣ್ಣದ ಮೀನುಗಳು. ಒಂದು ದಿನ ಅಂಗಡಿಯವರು ನೀರು ತುಂಬಿದ ಪ್ಲಾಸ್ಟಿಕ್ ಚೀಲವನ್ನು ವಿಜಯ ಪತಾಕೆಯಂತೆ ಎತ್ತಿ ಹಿಡಿದು ಬಂದರು. ಒಳಗೆ ಅಂಗೈಯಗಲದ, ಮರಳಿನ ಬಣ್ಣದ ಚಪ್ಪಟೆ ಜೀವ.

"ಇದೇನ್ರೀ, ಇಸ್ತ್ರಿ ಪೆಟ್ಟಿಗೆ ಕೆಳಗೆ ಸಿಕ್ಕಿತ್ತಾ?"

"ನೋಡೇ, ಎರಡೂ ಕಣ್ಣು ಒಂದೇ ಪಕ್ಕ! ಇದಕ್ಕೆ ಕನ್ನಡಕ ಮಾಡೋ ಗಂಡು ಇನ್ನೂ ಹುಟ್ಟಿಲ್ಲ. ಸಿಹಿನೀರಲ್ಲೇ ಇರುತ್ತಂತೆ. ನಿನ್ನ ಪುಟಾಣಿಗಳ ಜೊತೆ ಬಿಡ್ತೀನಿ. ಇದರ ಯೋಗಕ್ಷೇಮ ನನ್ನದು!"

"ಯಾವ ಮೀನಿಗೂ ಏನೂ ಆಗಬಾರದು, ನೋಡಿ ಮತ್ತೆ."

"ಈ ಕಣ್ಣು ಕಾಯ್ತಿರುವಾಗಲಾ?"

ಮರುದಿನ ಚಪ್ಪಟೆ ಮೀನು ಮಂಗಮಾಯ! ಮುಚ್ಚಳ ಮುಚ್ಚಿದಂತೆಯೇ ಇದೆ. ಸೋಫಾದ ಕೆಳಗೆ ಇಣುಕಿದರು, ಚಪ್ಪಲಿ ಕೊಡವಿದರು. ಕಿತ್ತಳೆ ಮೀನುಗಳು ಅವರತ್ತ ತಿರುಗಿ ಬಾಯಿ ತೆರೆದು ಮುಚ್ಚುತ್ತಿದ್ದವು, ಏನೋ ಹೇಳಲು ಬಂದು ಬೇಡವೆಂದುಕೊಂಡಂತೆ. ಬೆರಳುದ್ದದವು ಅಂಗೈಯಗಲದ್ದನ್ನು ನುಂಗಿದವೇ? ಹೊಟ್ಟೆ ಕೊಂಚ ಉಬ್ಬಿದಂತೆಯೂ ಕಂಡಿತು! ಹೆಂಡತಿಯ ಮುಂದೆ ಉಸಿರೆತ್ತದೆ ಅಂಥದ್ದೇ ಇನ್ನೊಂದನ್ನು ತಂದು ಬಿಟ್ಟರು. ಊಟಕ್ಕೆಂದು ಮೇಲೆ ಬರುವಷ್ಟರಲ್ಲಿ ಅದೂ ಇಲ್ಲ. ಕೆಲವು ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದರು. ಕಂಡದ್ದು ಗುಳ್ಳೆ ಮಾತ್ರ.

ಕಡೆಗೊಂದು ದಿನ, ಹೆಂಡತಿ ಹೊಲಿದ ಬಟ್ಟೆ ಕೊಡಲು ಹೊರಟ ಕೂಡಲೇ ಅಂಗಡಿಯವರು ತನಿಖೆಗಿಳಿದರು. ಕಿತ್ತಳೆ ಮೀನುಗಳು ಹಾಲಿನ ಪಾತ್ರೆಗೆ ವರ್ಗವಾದವು. ನೀರು ಹೊರಗೆ ಹೋಯಿತು. ಉಳಿದದ್ದು ತಳದ ಮರಳು. ತಟ್ಟೆಯಿಂದ ಗೋರಿ ಗೋರಿ ಬಕೆಟ್ಟಿಗೆ ಸುರಿದರು. ಬರೀ ಮರಳು! ಹಾಗಾದರೆ ಮೀನು ಕರಗಿಸುವ ಯಾವುದೋ ರೋಗ ಈ ಮರಳಿನಲ್ಲೇ ಇರಬೇಕು. ಕುದಿನೀರು ಹೊಯ್ದು ತೊಳೆದುಬಿಟ್ಟರೆ ಪುಟಾಣಿಗಳಾದರೂ ಉಳಿದಾವು! ಕುದಿಯುವ ಕೆಟಲ್ ಎತ್ತಿದ್ದರಷ್ಟೆ, ಹೆಂಡತಿ ಬಾಗಿಲಲ್ಲಿ.

"ಏನ್ರೀ ಅದು?"

"ಏನಿಲ್ಲ ಕಣೇ, ಬರೀ ಮರಳು. ತೊಳೀತಿದ್ದೀನಿ."

ಅವಳು ಬಕೆಟ್ಟಿನತ್ತ ಒಮ್ಮೆ ನೋಡಿದಳು. ಕೈಚೀಲ ಎಸೆದು ಬಂದು ಕೆಟಲ್ ಕಸಿದುಕೊಂಡಳು.

"ಬರೀ ಮರಳು ನಿಮ್ಮನ್ನ ಮಿಕಿಮಿಕಿ ನೋಡ್ತಿದೆಯಲ್ರೀ! ನಾಲ್ಕು ಕಣ್ಣು!"

ಅಂಗಡಿಯವರು ಬಗ್ಗಿದರು. ಹಿಂದೆ ಸರಿದರು. ಮತ್ತೆ ಬಗ್ಗಿದರು. ಅವಳು ಮೆಲ್ಲಗೆ ಕೈಯಿಟ್ಟಳು ನೋಡಿ, ಮರಳೇ ಎದ್ದು ಬಾಲ ಬಡಿಯಿತು! ಪಕ್ಕದ ಮರಳೂ ಬಡಿಯಿತು!

"ನಿಂಗೆ... ಮೊದಲೇ ಕಾಣ್ತಿತ್ತಾ?"

"ಮತ್ತೆ ಇವಕ್ಕೆ ದಿನಾ ಹುಳ ಹಾಕಿದ್ದು ಯಾರು? ಪಾಪ, ಒಂಟಿಯಾಗಿದೆ ಅಂತ ಜೊತೆಗೊಂದು ತಂದಿದ್ದೀರಿ ಅಂದ್ಕೊಂಡೆ. ಎಷ್ಟು ಖುಷಿಪಟ್ಟೆ ಗೊತ್ತಾ!"

"ಇಲ್ಲಿ ಬೆಳಕು ಸರಿಯಿಲ್ಲ."

ಅವಳು ದೀಪ ಹಾಕಿದಳು. "ಈಗ?"

ಹಾಲಿನ ಪಾತ್ರೆಯಲ್ಲಿ ಪುಟಾಣಿಗಳು ಬಾಯಿ ತೆರೆದು ಮುಚ್ಚಿದವು.

"ಕೆಳಗೆ ಹೋಗಿ ಒಂದು ತಂದು ಹಾಕ್ಕೊಳ್ಳಿ," ಎಂದಳು ಹೆಂಡತಿ. "ಬೀದಿಯವರಿಗೆ ನಾನು ಹೇಳಲ್ಲ."

"ಅಲ್ಲ, ನನ್ನ ಕಣ್ಣೇನೋ ಸರಿಯಾಗೇ ಇದೆ. ಸುಮ್ನೆ ಷಟರ್ ಹಾಕಿದ್ನಾ ಅಂತ ನೋಡ್ಕೊಂಡು..." ಎನ್ನುತ್ತ ಅಂಗಡಿಯವರು ಮೆಟ್ಟಿಲಿಳಿಯತೊಡಗಿದರು. ಆಮೇಲೆ ದನಿ ಮಾತ್ರ ಮೇಲೆ ಬಂತು: "ಕಪ್ಪು ಫ್ರೇಮ್ ಬೇಡ, ಎದ್ದು ಕಾಣುತ್ತೆ. ಮರಳಿನ ಬಣ್ಣದ್ದಾದ್ರೆ ಯಾರ ಕಣ್ಣಿಗೂ..."