ಕಾಶಿಯಲ್ಲಿ ಬಿಡಲಿಕ್ಕೊಂದು ಪೇರ್

ಢಬ್ ಎಂದು ಒಂದು ಸದ್ದು, ಅದರ ಹಿಂದೆಯೇ ತಗಡಿಗೆ ತಗಡು ಉಜ್ಜಿದ ಕಿರುಚಾಟ. ಖಾನಾಪುರದ ನಮ್ಮ ಮನೆಯ ಅಕ್ಕಿ ಡಬ್ಬಿಯ ಮುಚ್ಚಳ ತೆರೆಯುತ್ತಿದ್ದುದೇ ಹೀಗೆ. ಎಪ್ಪತ್ತರ ದಶಕ ಎಂದರೆ ಜನ ರೇಡಿಯೋ, ಉಗಿ ಎಂಜಿನ್ನು ಎಂದೆಲ್ಲ ನೆನೆಯುತ್ತಾರೆ. ನನಗೆ ಮಾತ್ರ ಇವತ್ತಿಗೂ ಈ ಮುಚ್ಚಳವೇ ಕೇಳುತ್ತದೆ. ಆ ಸದ್ದಾಯಿತೆಂದರೆ ಯಾರೋ ಅಕ್ಕಿಯಲ್ಲಿ ಹೂತಿಟ್ಟ ಪೇರ್ ಹಣ್ಣನ್ನು ಕದ್ದು ಹಿಚುಕುತ್ತಿದ್ದಾರೆಂದು ಅರ್ಥ. ದೇವರ ಕೋಣೆಯಿಂದ ನಮ್ಮ ಅತ್ತೆಯ ದನಿ ಬರುತ್ತಿತ್ತು: “ಯಾರವಾ ಅದು? ಹಿಚಕಬ್ಯಾಡ್ರಿ! ಕಾಶಿಗೆ ಹೋಗಾಕಿ ನಾನೋ ನೀವೋ?”

ಪೇರಿಗೂ ಕಾಶಿಗೂ ಏನು ಕನೆಕ್ಷನ್ ಎನ್ನುತ್ತೀರಿ. ಕಾಶಿಗೆ ಹೋದವರು ತಮಗೆ ಪ್ರಿಯವಾದ ಒಂದು ಹಣ್ಣನ್ನೋ ಕಾಯಿಪಲ್ಯವನ್ನೋ ಅಲ್ಲಿ ಬಿಟ್ಟು ಬರಬೇಕು, ಮತ್ತೆ ಈ ಜನ್ಮದಲ್ಲಿ ಬಾಯಿಗಿಡಬಾರದು. ಪಕ್ಕದ ಮನೆಯ ಕಾಕೂ ಹಿಂದಿನ ವರ್ಷ ಹೋಗಿ ಹಾಗಲಕಾಯಿ ಬಿಟ್ಟು ಬಂದಿದ್ದರು. ಅತ್ತೆ ಅದನ್ನು ಹೇಳಿ ಹೇಳಿ ಓಣಿಯನ್ನೆಲ್ಲ ನಗಿಸಿದ್ದರು. “ಹಾಗಲಕಾಯಿ ಬಿಡಾಕ ಕಾಶಿತನಕ ಯಾಕ ಹೋಗಬೇಕಿತ್ತು? ಇಲ್ಲೇ ಮಲಪ್ರಭಾದಾಗ ಬಿಟ್ಟಿದ್ರ ಆಗತಿತ್ತು.” ಈಗ ಗಣಪತಿ ಹಬ್ಬ ಕಳೆದು ಅತ್ತೆಯದೇ ಸರದಿ ಬಂದಿತ್ತು. ಕಾಕೂ ಬಿಡುತ್ತಾರೆಯೇ? ದಿನಾ ಕಟ್ಟೆಗೆ ಬಂದು ಕೂತು, “ಮತ್ತ, ವಹಿನಿ, ನೀವು ಏನ ಬಿಡಾವ್ರು? ಆಪೂಸ್ ಮಾವು ಏನು?” ಎಂದು ಕೇಳತೊಡಗಿದರು.

ಅತ್ತೆಗೆ ಮಾವಿನಹಣ್ಣೆಂದರೆ ಪ್ರಾಣ. ಬೇಸಿಗೆಯಲ್ಲಿ ಶೀಕರಣಿಯ ಬಟ್ಟಲು ಕಾಣದೆ ಅವರು ಊಟಕ್ಕೆ ಕೂಡುತ್ತಿರಲಿಲ್ಲ. ಮಾವು ಬಿಡಲಾರರು, ಹಾಗಲಕಾಯಿ ಬಿಟ್ಟರೆ ಕಾಕೂ ಬಿಡಲಾರರು. ಬೆಳಗಾವಿಯ ಕ್ಯಾಂಪ್ ಬಡಾವಣೆಯಲ್ಲಿ ಬೆಳೆದು ಕಾನ್ವೆಂಟಿನಲ್ಲಿ ಕಲಿತ ಸೊಸೆ ನಾನು. ಇಂಥ ಕ್ರೈಸಿಸ್‌ನಲ್ಲಿ ಬಾಯಿ ಮುಚ್ಚಿಕೊಂಡಿರುವುದನ್ನು ನನಗೆ ಯಾವ ಸಿಸ್ಟರೂ ಕಲಿಸಿರಲಿಲ್ಲ. “ಪೇರ್ ಬಿಡ್ರಿ ಅತ್ತಿ,” ಎಂದೆ. “ನಾಸಪಾತಿ ಅಂತಾರಲ್ಲ, ಅದು. ಭಾಳ ಟೇಸ್ಟಿ. ಖಾನಾಪುರದಾಗ ಹೆಂಗೂ ಸಿಗೂದಿಲ್ಲ.”

ಅತ್ತೆಯ ಮುಖ ಅರಳಿತು, ಮರುಕ್ಷಣ ಬಾಡಿತು. “ತಿಂದ ಗೊತ್ತಿಲ್ಲದ್ದನ್ನ ಬಿಟ್ಟೇನಂದ್ರ ವಿಶ್ವನಾಥ ನಗಂಗಿಲ್ಲೇನು? ಮೊದಲ ತಿನಬೇಕು. ತಿಂದು ಸೇರಬೇಕು. ಸೇರಲಿಲ್ಲಂದ್ರ ಅದೂ ಹಾಗಲಕಾಯೀನ.”

ಹೀಗಾಗಿ ನಮ್ಮವರು, ಬೆಳಗಾವಿಯ ಆಫೀಸಿಗೆ ದಿನಾ ಪ್ಯಾಸೆಂಜರ್ ಗಾಡಿಯಲ್ಲಿ ಹೋಗಿ ಬರುವವರು, ಕ್ಯಾಂಪಿನ ಅಂಗಡಿಯಿಂದ ಮೂರು ಪೇರ್ ತಂದರು. ಬಾಗಿಲಿಗೆ ಎಸೆದರೆ ಬಾಗಿಲೇ ತಗ್ಗು ಬೀಳುವಂಥವು. ಅತ್ತೆ ಮಾವಿನಕಾಯಿಯ ಹಾಗೆ ಅವನ್ನು ಅಕ್ಕಿಯಲ್ಲಿ ಹೂತರು. ಕಾಶಿಯ ಗಾಡಿಗೆ ವಾರವಷ್ಟೇ ಉಳಿದಿತ್ತು.

ಒಂದನ್ನು ನಮ್ಮವರು ತಾಳ್ಮೆಗೆಟ್ಟು ಕೊಯ್ದರು, ಮೂಲಂಗಿ ಕಡಿದಂತಾಯಿತು. ಇನ್ನೊಂದಕ್ಕೆ ಅತ್ತೆ ತಮ್ಮ ಮಾವಿನ ಲೆಕ್ಕ ಹಚ್ಚಿದರು: ಬಣ್ಣ ತಿರುಗಬೇಕು, ವಾಸನೆ ಮನೆ ತುಂಬಬೇಕು. ಬಣ್ಣ ತಿರುಗಿತು, ಮನೆಯೂ ತುಂಬಿತು. ಕೊಯ್ದು ನೋಡಿದರೆ ಒಳಗೆಲ್ಲ ಕಾಫಿ ಬಣ್ಣದ ರಾಡಿ. ಪೇರ್ ಒಳಗಿನಿಂದ ಹಣ್ಣಾಗುತ್ತ ಬರುವ ಜಾತಿ. ಹೊರಗೆ ಸುದ್ದಿ ತಿಳಿಯುವಷ್ಟರಲ್ಲಿ ಒಳಗೆ ಎಲ್ಲ ಮುಗಿದಿರುತ್ತದೆ. ಕಾನ್ವೆಂಟಿನ ಅಡಿಗೆಮನೆಯಲ್ಲಿ ಮುದುಕಿ ಸಿಸ್ಟರೊಬ್ಬರು ಪೇರಿನ ತೊಟ್ಟಿನ ಬುಡವನ್ನು, ಅಂದರೆ ಅದರ ಕುತ್ತಿಗೆಯನ್ನು, ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದುದು ನನಗೆ ಆಗ ನೆನಪಾಯಿತು. “ಜೆಂಟ್ಲಿ, ಚೈಲ್ಡ್, ಜೆಂಟ್ಲಿ.” ನೆನಪಾದದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳದೆ, ಕುತ್ತಿಗೆ ತುಸು ಮೆತ್ತಗಾದರೆ ಹಣ್ಣಾಯಿತೆಂದು ಮನೆಗೆಲ್ಲ ಲೆಕ್ಚರ್ ಕೊಟ್ಟೆ. ಶುರುವಾಯಿತು ನೋಡಿ, ಢಬ್, ಕಿರ್ರ್! ಹಲ್ಲುಜ್ಜುವ ಮೊದಲು ನಮ್ಮವರು, ಅಕ್ಕಿ ತೆಗೆಯುವ ನೆಪದಲ್ಲಿ ನಾನು, ಸಕ್ಕರೆ ಕೇಳಲು ಬಂದ ಕಾಕೂ ಕೂಡ. ಉಳಿದ ಆ ಕೊನೆಯ ಪೇರಿನ ಕುತ್ತಿಗೆ, ಊರಿನ ಡಾಕ್ಟರರೆಲ್ಲ ಬಂದು ನೋಡಿ ಹೋಗುವ ರೋಗಿಯ ನಾಡಿಯಾಯಿತು. ಅದು ಮಾತ್ರ ಜಪ್ಪಯ್ಯ ಎಂದರೂ ಮೆತ್ತಗಾಗಲಿಲ್ಲ.

ಹೊರಡುವ ದಿನ ಬಾಗಿಲಿಗೆ ಟಾಂಗಾ ಬಂದು ನಿಂತಿತು. ಅತ್ತೆ ಗಂಟನ್ನು ಕಂಕುಳಲ್ಲಿಟ್ಟುಕೊಂಡೇ ಮುಚ್ಚಳ ತೆರೆದರು. ಹೆಬ್ಬೆರಳು ಊರಿದರು. ಕುತ್ತಿಗೆ ತುಸು ಒಳಗೆ ಹೋಯಿತು. ಚಾಕು ಹುಡುಕಲು ಪುರುಸೊತ್ತಿಲ್ಲ, ನಿಂತಲ್ಲೇ ಕಚ್ಚಿದರು. ರಸ ಮೊಣಕೈವರೆಗೆ ಇಳಿದು ಇಳಕಲ್ ಸೀರೆಯ ಸೆರಗಿಗೆ ತಾಗಿತು.

“ಅವ್ವಾ, ಗಾಡಿ ತಪ್ಪತೈತಿ,” ಎಂದರು ನಮ್ಮವರು.

“ಸೇರಿತೇನ್ರಿ ಅತ್ತಿ?” ಎಂದೆ ನಾನು.

ಬೀಜದ ತನಕ ತಿಂದು, ಬೆರಳು ನೆಕ್ಕಿ, ಅತ್ತೆ ಸಣ್ಣ ದನಿಯಲ್ಲಿ ಕೇಳಿದರು: “ಇನ್ನೊಂದ ಇಲ್ಲೇನವಾ?”

ಸೇರಬೇಕಿತ್ತು, ನಿಜ. ಇಷ್ಟೊಂದು ಸೇರಬಾರದಿತ್ತು.

ಕಾಶಿಯಿಂದ ಬಂದ ಮೇಲೆ ಏನು ಬಿಟ್ಟಿರೆಂದು ಕೇಳುವ ಧೈರ್ಯ ನಮಗಾಗಲಿಲ್ಲ. ಕಾಕೂ ಕೇಳಿದ್ದಕ್ಕೆ, “ಬಿಟ್ಟಾಕಿಗೆ ಗೊತ್ತು, ಬಿಡಿಸ್ಕೊಂಡಾಂವಗ ಗೊತ್ತು,” ಎಂದರಂತೆ. ಬೇಸಿಗೆಯಲ್ಲಿ ಶೀಕರಣಿಯ ಬಟ್ಟಲು ಮುಂದಿಟ್ಟು, ಪರೀಕ್ಷೆಯ ರಿಸಲ್ಟಿಗೆ ಕಾದವಳಂತೆ ನಿಂತೆ. ಅತ್ತೆ ಎರಡು ಸಲ ಹಾಕಿಸಿಕೊಂಡರು. ಮಳೆಗಾಲದಲ್ಲಿ ಪೇರ್ ಬಂದಾಗ ತಾವೇ ಅಕ್ಕಿಯಲ್ಲಿ ಹೂತು, ತಾವೇ ಒತ್ತಿ ನೋಡಿ, “ಇವತ್ತ ಕೊಯ್ಯವಾ,” ಎಂದು ನಮಗಷ್ಟೇ ಕೊಟ್ಟು ಎದುರಿಗೆ ಕೂತರು. ಆಮೇಲೆ ಪ್ರತಿ ವರ್ಷವೂ ಹಾಗೆಯೇ.

“ಹೆಂಗೈತಿ?”

“ವೆರಿ ಜ್ಯೂಸಿ, ಅತ್ತಿ.”

“ಸುಡ್ಲಿ ನಿನ್ನ ಇಂಗ್ಲಿಷ್. ನಾಲಿಗಿ ಮ್ಯಾಲ ಹೆಂಗಾತು, ಅದನ್ನ ಹೇಳ.”

ಹೇಳಲು ನನಗೆ ಬರುತ್ತಿರಲಿಲ್ಲ. ಈಗ ನನ್ನ ವಯಸ್ಸು ಅವರದನ್ನು ದಾಟಿದೆ. ಗೆಳತಿಯರು ಕಾಶಿಗೆ ಕರೆದಾಗಲೆಲ್ಲ ಮೊಣಕಾಲು ನೋವೆನ್ನುತ್ತೇನೆ. ಮೊಣಕಾಲು ಗಟ್ಟಿಯಾಗಿಯೇ ಇದೆ. ಬಿಡಲಿಕ್ಕೆ ಹಾಗಲಕಾಯಿಯ ಹೊರತು ಬೇರೇನೂ ಹೊಳೆಯುವುದಿಲ್ಲ, ಅಷ್ಟೆ.

ಅತ್ತೆಯನ್ನು ಕೊನೆಯ ಸಲ ಕಂಡದ್ದು ಎಂಬತ್ತರ ದಶಕದ ಒಂದು ಮಳೆಗಾಲದಲ್ಲಿ, ಖಾನಾಪುರ ಸ್ಟೇಶನ್ನಿನಲ್ಲಿ. ನಾನು ನಾಲ್ಕು ದಿನಕ್ಕೆಂದು ತವರಿಗೆ ಹೊರಟಿದ್ದೆ. ಕಿಟಕಿಯೊಳಗೆ ಕೈ ತೂರಿಸಿ, ಇನ್ನೊಮ್ಮೆ ಒತ್ತಿ ನೋಡಿ, ಒಂದು ಪೇರನ್ನು ನನ್ನ ಕೈಗಿಟ್ಟರು. “ಸಂಜಿತನಕ ಇಡಬ್ಯಾಡ. ದೇಸೂರ ಸ್ಟೇಶನ್ ದಾಟೂದರಾಗ ತಿನ್ನು. ಹೆಂಗಿತ್ತು ಅಂತ ಬಂದ ಮ್ಯಾಲ ಹೇಳೀಯಂತ, ಕನ್ನಡದಾಗ.” ಗಾಡಿ ಅಲುಗಿತು. ನಾನು ಕೈ ಬೀಸಿದೆ. ಅವರು ಬೀಸಲಿಲ್ಲ. ಪೇರ್ ಒತ್ತಿದ ಹೆಬ್ಬೆರಳನ್ನು ಮೂಗಿಗೆ ಹಿಡಿದು, ಕಣ್ಣು ಮುಚ್ಚಿಕೊಂಡು ನಿಂತಿದ್ದರು.